ಸದ್ದಿನ ಮೂಲವನ್ನು ಹುಡುಕಿಕೊಡುವ ಎಸ್.ಪಿ. ರಸ್ತೆಯ ಅಂಗಡಿ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ವಿಚಿತ್ರವಾಗಿ ಸದ್ದು ಮಾಡತೊಡಗಿದರೆ ಅದನ್ನು ಯಾರ ಬಳಿಗೆ ಒಯ್ಯಬೇಕೆಂಬುದೇ ಮೊದಲ ತೊಡಕು. ಪ್ರೊಸೆಸರ್‌ನ ವಾರಂಟಿ ಒಬ್ಬರದು, ಮದರ್‌ಬೋರ್ಡಿನದು ಇನ್ನೊಬ್ಬರದು, ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನದು ಮತ್ತೊಬ್ಬರದು; ಕೆಟ್ಟಿರುವುದು ಇದೇ ಭಾಗವೆಂದು ನಾವು ಬೊಟ್ಟು ಮಾಡಿ ತೋರಿಸದ ಹೊರತು ಅವರಲ್ಲಿ ಯಾರೂ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ದೋಷಪತ್ತೆಯನ್ನೇ ಪ್ರತ್ಯೇಕ ಕೆಲಸವೆಂದು ತಿಳಿದು, ಅದಕ್ಕಷ್ಟೇ ಶುಲ್ಕ ಪಡೆದು, ಬಿಡಿಭಾಗವನ್ನು ಎಲ್ಲಿ ಕೊಳ್ಳಬೇಕೆಂಬುದನ್ನು ಗ್ರಾಹಕರಿಗೇ ಬಿಡುವ ಅಂಗಡಿಯೊಂದು ಬೆಂಗಳೂರಿನ ಸದರ್ ಪತ್ರಪ್ಪ (ಎಸ್.ಪಿ.) ರಸ್ತೆಯ ಅಡ್ಡ ಓಣಿಯೊಂದರ ಮೊದಲ ಮಹಡಿಯಲ್ಲಿದೆ. ಇಬ್ಬರೇ ದುಡಿಯುವ ಜಾಗ ಅದು. ಈಗಿರುವ ಕೆಲಸವೇ ಕೈಮೀರಿದೆ ಎಂದು ಅವರು ಕೋರಿದ್ದರಿಂದ ಹೆಸರನ್ನು ಬರೆಯುತ್ತಿಲ್ಲ. ಅವರು ಅನುಸರಿಸಿದ ಕ್ರಮವನ್ನು ಮಾತ್ರ ವಿವರವಾಗಿ ದಾಖಲಿಸುತ್ತೇನೆ, ಏಕೆಂದರೆ ಯಾವ ಅಂಗಡಿಯಲ್ಲಾದರೂ ನಾವು ಕೇಳಿ ಪಡೆಯಬೇಕಾದದ್ದು ಅದನ್ನೇ.

ಸದ್ದು ಮಾಡುತ್ತಿದ್ದ ನನ್ನ ಯಂತ್ರದ ಕ್ಯಾಬಿನೆಟ್ಟನ್ನು ಮೇಜಿನ ಮೇಲಿಟ್ಟ ಕೂಡಲೇ ಅವರು ಸ್ಕ್ರೂಡ್ರೈವರ್ ಎತ್ತಿಕೊಳ್ಳಲಿಲ್ಲ. ಸದ್ದು ಯಂತ್ರವನ್ನು ಚಾಲೂ ಮಾಡಿದಾಗಲೇ ಬರುತ್ತದೆಯೇ, ಬಿಸಿಯಾದ ಮೇಲೆ ಬರುತ್ತದೆಯೇ, ಆಟವಾಡುವಾಗ ಹೆಚ್ಚುತ್ತದೆಯೇ, ವಿದ್ಯುತ್ ಹೋದಾಗ ಬದಲಾಗುತ್ತದೆಯೇ ಎಂದು ಕೇಳಿ ಬರೆದುಕೊಂಡರು. ಬಳಿಕ ಹಾರ್ಡ್‌ಡಿಸ್ಕ್‌ಗಳ ಸ್ಮಾರ್ಟ್ ಮಾಹಿತಿಯನ್ನು, ಅಂದರೆ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯನ್ನು ತೆರೆದು, ಕೆಟ್ಟಿದ್ದರಿಂದ ಬೇರೆಡೆಗೆ ವರ್ಗಾಯಿಸಲಾದ ಸಣ್ಣ ಸಂಗ್ರಹಭಾಗಗಳಾದ ಸೆಕ್ಟರ್‌ಗಳನ್ನು ಎಣಿಸುವ 5ನೆಯ ಅಂಶವನ್ನೂ ಓದಲಾಗದೆ ಕಾದಿರುವ ಸೆಕ್ಟರ್‌ಗಳನ್ನು ತೋರಿಸುವ 197ನೆಯ ಅಂಶವನ್ನೂ ನೋಡಿದರು. ಎರಡೂ ಸೊನ್ನೆಯಾಗಿದ್ದವು. ಡಿಸ್ಕ್‌ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಬೇರೆಲ್ಲವನ್ನೂ ಬದಿಗಿಟ್ಟು ಮೊದಲು ದತ್ತಾಂಶದ ಪ್ರತಿ ತೆಗೆಯಬೇಕು, ಅದಾಗುವವರೆಗೆ ಯಂತ್ರವನ್ನು ಪದೇ ಪದೇ ಆನ್ ಮಾಡಿ ಆಫ್ ಮಾಡಕೂಡದು ಎಂದು ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಭಾಗ ಹೋದರೆ ಮತ್ತೆ ಕೊಳ್ಳಬಹುದು, ಮಕ್ಕಳ ಫೋಟೋಗಳನ್ನು ಕೊಳ್ಳಲಾಗುವುದಿಲ್ಲ.

ನನ್ನ ದೂರಿನಲ್ಲಿ ಹಲವು ಸದ್ದುಗಳು ಕಲಸಿಹೋಗಿದ್ದವು. ಬೆಳಿಗ್ಗೆ ಚಾಲೂ ಮಾಡಿದಾಗ ಕೇಳಿ ಸ್ವಲ್ಪ ಹೊತ್ತಿನಲ್ಲಿ ಅಡಗುತ್ತಿದ್ದ ಗರಗರ ಸದ್ದು ಹಿಂಬದಿಯ ಫ್ಯಾನಿನದು. ಅದರ ಅಚ್ಚು ತಿರುಗುವ ಸ್ಲೀವ್ ಬೇರಿಂಗಿನಲ್ಲಿ ಎಣ್ಣೆ ಒಣಗುತ್ತ ಬಂದಿದ್ದು, ಉಳಿದ ಅಲ್ಪಸ್ವಲ್ಪ ಎಣ್ಣೆ ಬೆಚ್ಚಗಾಗಿ ಹರಡಿದ ಮೇಲೆ ಸದ್ದು ತಗ್ಗುತ್ತಿತ್ತು. ಆ ಒಂದು ಫ್ಯಾನಿನ ತಂತಿಯನ್ನು ಕಳಚಿ ಮತ್ತೆ ಚಾಲೂ ಮಾಡಿದಾಗ ಸದ್ದೇ ಇರಲಿಲ್ಲ. ಇದರಲ್ಲಿ ಹೆಚ್ಚಿನ ಕೌಶಲವೇನೂ ಬೇಕಿರಲಿಲ್ಲ.

ಕೌಶಲ ಕಂಡದ್ದು ಗುಂಯ್‌ಗುಡುವ ಸದ್ದಿನ ವಿಷಯದಲ್ಲಿ. ಅದು ಸದಾ ಇರುತ್ತಿತ್ತು, ಆದರೆ ಅಲೆಯಲೆಯಾಗಿ ಏರಿ ಇಳಿಯುತ್ತಿತ್ತು. ಫ್ಯಾನುಗಳ ವೇಗವನ್ನು ಯಂತ್ರದ ಮೂಲ ಹೊಂದಿಕೆಗಳಿರುವ ಬಯಾಸ್‌ನಲ್ಲಿ ಬದಲಿಸಿದರೂ ಅದರ ಲಯ ಬದಲಾಗಲಿಲ್ಲ. ಆಗ ಅವರು ಮೊಬೈಲ್‌ನಲ್ಲಿ ಧ್ವನಿಯ ಆವರ್ತನ ತೋರಿಸುವ ಆ್ಯಪ್ ತೆರೆದು ಕ್ಯಾಬಿನೆಟ್ಟಿನ ಪಕ್ಕದಲ್ಲಿಟ್ಟರು. ಗೆರೆ 120 ಹರ್ಟ್ಜ್‌ನ ಬಳಿ ಎದ್ದು ನಿಂತಿತು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಅಂಥ ಎರಡು ಡಿಸ್ಕ್‌ಗಳು ನನ್ನ ಯಂತ್ರದಲ್ಲಿ ಒಂದೇ ತಗಡಿನ ಗೂಡಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಎರಡರ ವೇಗವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದಿಲ್ಲ. ಸೆಕೆಂಡಿಗೆ 0.2 ಸುತ್ತಿನ ಅಂತರವಿದ್ದರೂ ಎರಡು ಕಂಪನಗಳು ಒಮ್ಮೆ ಕೂಡಿಕೊಂಡು ಒಮ್ಮೆ ಒಂದನ್ನೊಂದು ಅಳಿಸಿಕೊಂಡು, ಪ್ರತಿ 5 ಸೆಕೆಂಡಿಗೊಮ್ಮೆ ಸದ್ದು ಏರಿ ಇಳಿಯುತ್ತದೆ. ಒಂದು ಡಿಸ್ಕ್‌ನ ತಂತಿಯನ್ನು ಬಿಡಿಸಿ ತೋರಿಸಿದಾಗ ಗುಂಯ್‌ಗುಡುವಿಕೆ ಸಣ್ಣಗೆ ಉಳಿಯಿತು, ಅಲೆ ಮಾತ್ರ ನಿಂತೇಹೋಯಿತು. ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಒಂದನ್ನು ಬೇರೆ ಗೂಡಿಗೆ ಸರಿಸಿ, ಎರಡಕ್ಕೂ ಸ್ಕ್ರೂಗಳ ಬಳಿ ರಬ್ಬರ್ ಬಳೆಗಳನ್ನು ಹಾಕಿದ ಮೇಲೆ ಈಗ ಕೋಣೆಯಲ್ಲಿ ಅದು ಕೇಳಿಸುವುದಿಲ್ಲ. ಸದ್ದು ಮಾಡಿದ್ದೆಲ್ಲ ಕೆಟ್ಟಿದೆಯೆಂದು ಹೇಳಿ ಎರಡು ಹೊಸ ಡಿಸ್ಕ್‌ಗಳನ್ನು ಮಾರುವುದು ಅವರಿಗೆ ಬಹಳ ಸುಲಭವಾಗಿತ್ತು; ಹಾಗೆ ಮಾಡಲಿಲ್ಲವೆಂಬುದಕ್ಕಾಗಿಯೇ ಈ ವಿಮರ್ಶೆಯನ್ನು ಬರೆಯಬೇಕೆನಿಸಿತು.

ಆಟವಾಡುವಾಗ ಕೇಳುತ್ತಿದ್ದ ಸೂಜಿಮೊನೆಯಂಥ ಕೀರಲು ಧ್ವನಿ ಗ್ರಾಫಿಕ್ಸ್ ಕಾರ್ಡಿನಲ್ಲಿರುವ ತಂತಿಯ ಸುರುಳಿಗಳದು. ವಿದ್ಯುತ್ ವೇಗವಾಗಿ ಏರಿಳಿಯುವಾಗ ಅವು ಕಂಪಿಸುತ್ತವೆ. ಆಟದ ಮೆನು ಪರದೆಯಲ್ಲಿ ಸೆಕೆಂಡಿಗೆ ನೂರಾರು ಚೌಕಟ್ಟುಗಳು (ಫ್ರೇಮ್) ಮೂಡುವಾಗ ಜೋರಾಗಿದ್ದ ಧ್ವನಿ, ಮಿತಿಯನ್ನು 60ಕ್ಕೆ ಇಳಿಸಿದಾಗ ಬಹುಪಾಲು ತಗ್ಗಿತು. ಇದರಿಂದ ಕಾರ್ಡಿಗೆ ಅಪಾಯವಿಲ್ಲ, ಅನೇಕ ತಯಾರಕರು ಇದನ್ನು ದೋಷವೆಂದೂ ಒಪ್ಪುವುದಿಲ್ಲ ಎಂದು ಅವರು ಮೊದಲೇ ತಿಳಿಸಿದ್ದರಿಂದ ವಾರಂಟಿಗಾಗಿ ಅಲೆದಾಡುವುದು ತಪ್ಪಿತು.

ವಿದ್ಯುತ್ ಹೋದಾಗ ಎಸ್‌ಎಂಪಿಎಸ್‌ನಿಂದ ಬರುತ್ತಿದ್ದ ಝೇಂಕಾರವನ್ನು ಅಂಗಡಿಯಲ್ಲಿ ಮರುಕಳಿಸಲು ಸಾಧ್ಯವಾಗಲಿಲ್ಲ. ನಮ್ಮ ಮನೆಯಲ್ಲಿರುವುದು ನಯವಾದ ಅಲೆಯ ಬದಲು ಥಟ್ಟನೆ ಏರಿಳಿಯುವ ವಿದ್ಯುತ್ ಕೊಡುವ ಚೌಕ ತರಂಗದ ಇನ್ವರ್ಟರ್. ವಿದ್ಯುತ್ ಸೆಳೆತವನ್ನು ತರಂಗಕ್ಕೆ ಹೊಂದಿಸುವ ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗಳು ಅಂಥ ತರಂಗಕ್ಕೆ ಸಿಕ್ಕಾಗ ಹೀಗೆ ಝೇಂಕರಿಸುವುದುಂಟು, ನಯವಾಗಿ ಏರಿಳಿಯುವ ಶುದ್ಧ ಸೈನ್ ತರಂಗದ ಯುಪಿಎಸ್‌ಗೆ ಜೋಡಿಸಿ ನೋಡಿ ಎಂದರು. ಪಕ್ಕದ ಮನೆಯವರ ಯುಪಿಎಸ್ ತಂದು ಜೋಡಿಸಿದಾಗ ಅವರ ಮಾತು ನಿಜವಾಯಿತು. ಎಸ್‌ಎಂಪಿಎಸ್ಸನ್ನು ಬಿಚ್ಚಿ ನೋಡುವಂತೆ ಕೇಳಿದಾಗ ಅವರು ಒಪ್ಪಿರಲಿಲ್ಲ. ಪ್ಲಗ್ ತೆಗೆದ ಮೇಲೂ ಅದರ ಕೆಪ್ಯಾಸಿಟರ್‌ಗಳಲ್ಲಿ ಪ್ರಾಣಾಂತಿಕ ವಿದ್ಯುತ್ ಉಳಿದಿರಬಹುದಾದ್ದರಿಂದ ಈ ನಿರಾಕರಣೆಯನ್ನು ನಾನು ಮೆಚ್ಚುಗೆಯ ಪಟ್ಟಿಗೇ ಸೇರಿಸುತ್ತೇನೆ.

ಕೊರತೆಗಳೂ ಇವೆ. ಮೆಟ್ಟಿಲು ಕಡಿದಾಗಿದೆ, ಓಣಿಯಲ್ಲಿ ವಾಹನ ನಿಲ್ಲಿಸಲು ಜಾಗವಿಲ್ಲ. ಚಿಕ್ಕಪೇಟೆ ಮೆಟ್ರೋ ನಿಲ್ದಾಣ ಹತ್ತಿರವಿದ್ದರೂ ಉಕ್ಕಿನ ಕ್ಯಾಬಿನೆಟ್ ಹೊತ್ತು ನಡೆಯುವುದು ಕಷ್ಟ, ಆಟೋವೇ ಮೇಲು. ದಾರಿಯ ಗುಂಡಿಗಳಲ್ಲಿ ಭಾರದ ಗ್ರಾಫಿಕ್ಸ್ ಕಾರ್ಡ್ ಸ್ಲಾಟನ್ನೇ ಮುರಿಯಬಹುದಾದ್ದರಿಂದ ಅದನ್ನು ಕಳಚಿ ಬೇರೆಯಾಗಿ ಒಯ್ಯಬೇಕು. ಮಧ್ಯಾಹ್ನದ ಹೊತ್ತು ರಸ್ತೆಯ ಗದ್ದಲದಲ್ಲಿ ಸಣ್ಣ ಸದ್ದುಗಳು ಕೇಳಿಸುವುದೇ ಇಲ್ಲ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗುವುದು ಒಳ್ಳೆಯದು. ದೋಷಪತ್ತೆಗೆ 500 ರೂಪಾಯಿ ಪಡೆದರು, ರಶೀದಿ ಕೊಟ್ಟರು. ಆದರೆ ಯಾವ ಭಾಗವನ್ನು ಹೇಗೆ ಪರೀಕ್ಷಿಸಿದರೆಂಬ ಲಿಖಿತ ವರದಿಯನ್ನು ಕೊಡಲಿಲ್ಲ. ಮುಂದೆ ವಾರಂಟಿಗಾಗಿ ತಯಾರಕರಿಗೆ ತೋರಿಸಲು ಅಂಥ ಒಂದು ಹಾಳೆ ಬೇಕಾಗುತ್ತದೆಂದು ಅವರಿಗೆ ಹೇಳಿ ಬಂದಿದ್ದೇನೆ.