ಸ್ಕ್ಯಾನಿಂಗ್ ವರದಿಯಲ್ಲಿ ‘ಗುಲ್ಮ (ಸ್ಪ್ಲೀನ್) ದೊಡ್ಡದಾಗಿದೆ’ ಎಂದಿದ್ದರೆ ಕಾರಣ ತಿಳಿಯದೆ ಸುಮ್ಮನಾಗಬೇಡಿ

ಕಾಲೇಜಿಗೆ ಹೋಗುತ್ತಿದ್ದ ನನ್ನ ತಂಗಿಗೆ ಸದಾ ಸುಸ್ತು, ಎಡ ಪಕ್ಕೆಲುಬಿನ ಕೆಳಗೆ ಭಾರ, ನಾಲ್ಕು ತುತ್ತು ಉಣ್ಣುವಷ್ಟರಲ್ಲೇ ಹೊಟ್ಟೆ ತುಂಬಿದಂತಾಗುವುದು ಶುರುವಾಯಿತು. ತಾಲ್ಲೂಕಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಪ್ಲೇಟ್‌ಲೆಟ್ 68,000 ಇತ್ತು. ಮಳೆಗಾಲವಾದ್ದರಿಂದ ಎಲ್ಲರ ಬಾಯಲ್ಲೂ ಡೆಂಗಿಯ ಮಾತೇ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದ ಮೇಲೂ ಪರಂಗಿ ಎಲೆಯ ರಸ ಕುಡಿಸುವುದು ನಿಲ್ಲಲಿಲ್ಲ.

ಅದೇ ಹಾಳೆಯಲ್ಲಿ ಹಿಮೋಗ್ಲೋಬಿನ್ 8.2, ಬಿಳಿ ರಕ್ತಕಣ 2,600 ಎಂದೂ ಇತ್ತು. ಮೂರೂ ಬಗೆಯ ರಕ್ತಕಣಗಳು ಒಟ್ಟಿಗೆ ಕಡಿಮೆಯಾದಾಗ, ಎಡ ಪಕ್ಕೆಲುಬಿನ ಕೆಳಗಿದ್ದು ರಕ್ತ ಸೋಸುವ ಅಂಗವಾದ ಗುಲ್ಮವೇ ಹಿಗ್ಗಿ ಅವನ್ನು ಹಿಡಿದಿಟ್ಟುಕೊಳ್ಳುತ್ತಿರಬಹುದೇ ಎಂದು ನೋಡಬೇಕಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗುಲ್ಮ 18 ಸೆಂ.ಮೀ. ಉದ್ದವಿದೆ ಎಂದು ಬರೆದೂ ಇತ್ತು. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 12–13 ಸೆಂ.ಮೀ. ಮೀರುವುದಿಲ್ಲ. ‘ಜ್ವರದಲ್ಲಿ ಹಾಗಾಗುತ್ತದೆ, ಲಿವರ್ ಟೆಸ್ಟ್ ನಾರ್ಮಲ್ ಇದೆ’ ಎಂದು ಹೇಳಿ, ಕಬ್ಬಿಣದ ಮಾತ್ರೆಯನ್ನೂ ಹೊಟ್ಟೆನೋವಿಗೆಂದು ಡೈಕ್ಲೋಫೆನಾಕನ್ನೂ ಬರೆದುಕೊಟ್ಟರು. ಯಾರೂ ಅವಳನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಲಿಲ್ಲ.

ಕೆಲವು ವಾರಗಳಲ್ಲಿ ಮಲ ಕಪ್ಪಾಯಿತು. ಕಬ್ಬಿಣದ ಮಾತ್ರೆಯಿಂದ ಹಾಗಾಗುತ್ತದೆಂದರು; ಆಗುವುದೂ ನಿಜ. ಆದರೆ ಅವಳ ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ನಾತ ಹೊಡೆಯುತ್ತಿತ್ತು. ಅದು ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿರುವ ಲಕ್ಷಣವೆಂದು ನಮಗೆ ಗೊತ್ತಾದದ್ದು ಅವಳು ಒಂದು ರಾತ್ರಿ ಬೋಗುಣಿ ತುಂಬುವಷ್ಟು ರಕ್ತ ವಾಂತಿ ಮಾಡಿಕೊಂಡ ಮೇಲೆ.

ಜಿಲ್ಲಾ ಕೇಂದ್ರದ ವೈದ್ಯರು ಎಂಡೋಸ್ಕೋಪಿ ಮಾಡಿ, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ಬ್ಯಾಂಡ್ ಹಾಕಿ ಜೀವ ಉಳಿಸಿದರು. ಕರುಳು ಮತ್ತು ಗುಲ್ಮದಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯೇ ಕಟ್ಟಿಕೊಂಡಿರುವುದು, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಮುಂದೆ ಹೋಗಲಾಗದ ರಕ್ತ ಹಿಂದಕ್ಕೆ ಒತ್ತಿದ್ದರಿಂದಲೇ ಗುಲ್ಮ ಹಿಗ್ಗಿತ್ತು, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದಿದ್ದವು. ನಮ್ಮ ದೇಶದ ಮಕ್ಕಳು ಮತ್ತು ಯುವಜನರಲ್ಲಿ ರಕ್ತವಾಂತಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಯಕೃತ್ತು ಬಹುಮಟ್ಟಿಗೆ ಚೆನ್ನಾಗಿಯೇ ಇರುವುದರಿಂದ ಕಾಮಾಲೆ ಕಾಣದಿರಬಹುದು, ಲಿವರ್ ಟೆಸ್ಟೂ ನಾರ್ಮಲ್ ಬರಬಹುದು; ನಾರ್ಮಲ್ ವರದಿಯನ್ನು ನಂಬಿ ಕೂರುವುದು ಎಷ್ಟು ಅಪಾಯವೆಂಬುದನ್ನು ನಾವು ಕಣ್ಣಾರೆ ಕಂಡೆವು. ಹಸುಗೂಸಾಗಿದ್ದಾಗ ಹೊಕ್ಕುಳಲ್ಲಿ ಕೀವಾಗಿತ್ತೇ ಎಂದು ವೈದ್ಯರು ಅಮ್ಮನನ್ನು ಕೇಳಿದರು. ಆ ಸೋಂಕು ರಕ್ತನಾಳಕ್ಕೆ ಹಬ್ಬಿ ಹೀಗಾಗುವುದುಂಟು, ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ಎಲ್ಲರ ಗುಲ್ಮವೂ ಇದೇ ಕಾರಣಕ್ಕೆ ಹಿಗ್ಗುವುದಿಲ್ಲ. ಮಲೇರಿಯಾ, ಟೈಫಾಯ್ಡ್, ಕ್ಷಯ, ಲಿವರ್ ಸಿರೋಸಿಸ್, ಥಲಸ್ಸೀಮಿಯಾ, ರಕ್ತದ ಕ್ಯಾನ್ಸರ್, ಲಿಂಫೋಮಾ ಹೀಗೆ ಅನೇಕ ಕಾರಣಗಳಿವೆ, ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ‘ಯಾಕೆ ದೊಡ್ಡದಾಗಿದೆ?’ ಎಂದು ಬಾಯಿಬಿಟ್ಟು ಕೇಳಿ. ರಕ್ತಕಣಗಳ ಎಣಿಕೆಯ ಜೊತೆಗೆ ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆಯೇ, ಪೋರ್ಟಲ್ ಅಭಿಧಮನಿಗೆ ಡಾಪ್ಲರ್ ಬೇಕೇ, ಅಸ್ಥಿಮಜ್ಜೆಯ ಪರೀಕ್ಷೆಯ ಅಗತ್ಯವಿದೆಯೇ ಎಂದು ವಿಚಾರಿಸಿ. ಹಿಗ್ಗಿದ ಗುಲ್ಮ ಪೆಟ್ಟು ಬಿದ್ದರೆ ಒಡೆಯಬಹುದು. ಹೊಟ್ಟೆ ನೀವಿಸುವುದು, ಬರೆ ಹಾಕಿಸುವುದು ಖಂಡಿತ ಬೇಡ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ; ವೈದ್ಯರನ್ನು ಕೇಳದೆ ನುಂಗಬೇಡಿ. ಮಲ ಡಾಂಬರಿನಂತಾದರೆ ಅಥವಾ ರಕ್ತವಾಂತಿಯಾದರೆ ಬೆಳಗಾಗಲೆಂದು ಕಾಯದೆ, ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಹಳೆಯ ವರದಿಗಳೊಂದಿಗೆ ಆಗಲೇ ಹೊರಡಿ.