ಬೆಂಕಿಯೋ, ಹಿಮವೋ, ಮಿಂಚೋ: ವಿಝಾರ್ಡ್‌ಗೆ ಯಾವ ಕ್ಯಾಂಟ್ರಿಪ್?

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಾಭಿನಯದ ಆಟದ 5ನೇ ಆವೃತ್ತಿಯಲ್ಲಿ (2014ರ ನಿಯಮ) ಮೊದಲ ಲೆವೆಲ್‌ನ ವಿಝಾರ್ಡ್‌ಗೆ ಮೂರೇ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಬಳಸಬಹುದಾದ ಸಣ್ಣ ಮಂತ್ರ). ದಾಳಿಗೆಂದು ಒಂದನ್ನೇ ಆರಿಸುವುದಾದರೆ ಯೋಚಿಸಿ ಆರಿಸಿ.

ಫೈರ್ ಬೋಲ್ಟ್: 120 ಅಡಿ, 1ಡಿ10 (ಹತ್ತು ಮುಖದ ಒಂದು ದಾಳ), ಸರಾಸರಿ 5.5 ಹಾನಿ. ರೇ ಆಫ್ ಫ್ರಾಸ್ಟ್: 60 ಅಡಿ, 1ಡಿ8, ಸರಾಸರಿ 4.5. ಅಂಕಿಯಲ್ಲಿ ಬೆಂಕಿ ಮುಂದೆ. ಆದರೆ ಡೆವಿಲ್‌ಗಳಿಗೆ ಬೆಂಕಿ ತಾಗುವುದೇ ಇಲ್ಲ. ಐರನ್ ಗೋಲೆಮ್‌ಗೆ ಬೆಂಕಿ ಹಾಕಿದರೆ ಅದರ ಹಿಟ್ ಪಾಯಿಂಟ್ (ಜೀವಬಲ) ಏರುತ್ತದೆ. ಎಲಿಮೆಂಟಲ್ ಅಡೆಪ್ಟ್ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಕೌಶಲ) ಇಲ್ಲಿ ಕಾಪಾಡದು: ಅದು ಅರ್ಧಕ್ಕಿಳಿಸುವ ರೆಸಿಸ್ಟೆನ್ಸ್ ದಾಟುತ್ತದೆ, ಹಾನಿಯೇ ತಾಗದ ಇಮ್ಯೂನಿಟಿಯನ್ನಲ್ಲ. ಹೆಚ್ಚಿನ ಡೀಮನ್‌ಗಳು ಬೆಂಕಿ, ಹಿಮ, ಮಿಂಚು ಮೂರನ್ನೂ ಅರ್ಧಕ್ಕಿಳಿಸುವುದರಿಂದ ಅಲ್ಲಿ ಬದಲಾಯಿಸಿಯೂ ಲಾಭವಿಲ್ಲ.

ಹಿಮದ ನಿಜವಾದ ಬೆಲೆ ಹಾನಿಯಲ್ಲಿಲ್ಲ. ಏಟು ತಗುಲಿದ ಶತ್ರುವಿನ ವೇಗ ನಿಮ್ಮ ಮುಂದಿನ ಸರದಿವರೆಗೆ 10 ಅಡಿ ತಗ್ಗುತ್ತದೆ. 40 ಅಡಿ ಓಡುವ ಓಗರ್‌ನಂಥದ್ದು 30ಕ್ಕೆ ಇಳಿದರೆ ಹಿಂದೆ ಸರಿದ ಗೆಳೆಯ ಬದುಕುತ್ತಾನೆ.

ಮಿಂಚಿನ ಶಾಕಿಂಗ್ ಗ್ರಾಸ್ಪ್ ಕೈಯಳತೆಯದು, 1ಡಿ8. ತಗುಲಿದವನಿಗೆ ರಿಯಾಕ್ಷನ್ (ಇತರರ ಸರದಿಯಲ್ಲಿ ತಿರುಗಿ ಹೊಡೆಯುವಂಥ ಅವಕಾಶ) ಇಲ್ಲ, ನೀವು ಏಟು ತಿನ್ನದೆ ಸರಿದುಹೋಗಬಹುದು. ಲೋಹದ ಕವಚ ತೊಟ್ಟವನ ಮೇಲೆ ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯುವುದು) ಕೂಡ.

ತಂಡದಲ್ಲಿ ಬೆಂಕಿ ಬೇರೆ ಯಾರ ಬಳಿಯಾದರೂ ಇದ್ದರೆ ಹಿಮವನ್ನೇ ತೆಗೆದುಕೊಳ್ಳಿ. ಟ್ರೋಲ್ ಪ್ರತಿ ಸರದಿಗೆ 10 ಹಿಟ್ ಪಾಯಿಂಟ್ ತುಂಬಿಕೊಳ್ಳುವುದನ್ನು ಒಂದು ಸರದಿ ತಡೆಯಲು 1 ಬೆಂಕಿ ಹಾನಿಯ ಪಂಜಿನ ಏಟೂ ಸಾಕು.