ಎಸ್‌ಎಸ್‌ಡಿ ಹೋಸ್ಟಿಂಗ್, ಎರಡೂವರೆ ವರ್ಷದ ಬಳಿಕ: ವೇಗದ ಬಗ್ಗೆ ದೂರಿಲ್ಲ, ಕ್ಯಾಶ್ (cache) ಬಗ್ಗೆ ಇದೆ

ನಮ್ಮದು ಮಲೆನಾಡಿನ ಅಡುಗೆಗಳ ಸಣ್ಣ ವೆಬ್‌ಸೈಟ್. ವರ್ಡ್‌ಪ್ರೆಸ್‌ನಲ್ಲಿದೆ, ಸುಮಾರು 600 ಅಡುಗೆ ಸೇರಿವೆ. ಮೊದಲಿದ್ದದ್ದು ಹಾರ್ಡ್ ಡಿಸ್ಕ್ ಹೋಸ್ಟಿಂಗ್, ಅಂದರೆ ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಇದ್ದದ್ದು ಹಾರ್ಡ್ ಡಿಸ್ಕ್. ಎರಡೂವರೆ ವರ್ಷದ ಹಿಂದೆ ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್) ಪ್ಲ್ಯಾನ್‌ಗೆ ಬಂದೆ. ವರ್ಷಕ್ಕೆ 1,200 ರೂಪಾಯಿ ಜಾಸ್ತಿ. ಸೈಟ್‌ನಿಂದ ಬರುವ ದುಡ್ಡು ಅಷ್ಟಕ್ಕಷ್ಟೇ, ಹಾಗಾಗಿ ತುಂಬಾ ಯೋಚಿಸಿಯೇ ಬದಲಾಯಿಸಿದೆ.

ಓದುಗರಿಗೆ ಪುಟ ಬೇಗ ತೆರೆಯಲಿ ಅಂತ ಕೊಂಡಿದ್ದೆ. ಮೊದಲು ಖುಷಿಯಾದದ್ದು ಮಾತ್ರ ನನಗೇ. ಬೆಳಿಗ್ಗೆ ಐದೂವರೆಗೆ, ಮನೆಯವರು ಏಳುವ ಮೊದಲು ಬರೆಯುವುದು ನನ್ನ ರೂಢಿ. ಮೊದಲೆಲ್ಲ ಸೇವ್ ಒತ್ತಿ, ಹಾಲು ಬಿಸಿಗಿಟ್ಟು, ಕಾಫಿ ಬೆರೆಸಿಕೊಂಡು ಬಂದರೂ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಈಗ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಸೇವ್ ಆಗಿರುತ್ತದೆ.

7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಹಾರ್ಡ್ ಡಿಸ್ಕ್‌ನ ತಟ್ಟೆ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್ ಬೇಕು. ಓದುವ ಹೆಡ್ ಸರಿಯಾದ ಜಾಗಕ್ಕೆ ಸರಿಯುವ ಹೊತ್ತು ಬೇರೆ. ಚದುರಿದ ಚೂರುಗಳನ್ನು ಹೆಕ್ಕಿ ಓದಬೇಕಾದರೆ ಸೆಕೆಂಡಿಗೆ ನೂರರ ಆಸುಪಾಸು, ಅಷ್ಟೇ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದಕ್ಕೂ ಹತ್ತಾರು ಸೈಟ್‌ಗಳ ಪೈಪೋಟಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ನಾನು ಬರೆಯುವ ಅಡ್ಮಿನ್ ಪುಟಗಳಿಗೆ ಪೇಜ್ ಕ್ಯಾಶ್ (ಸಿದ್ಧ ಪುಟದ ಪ್ರತಿ) ಇರುವುದಿಲ್ಲ, ಪ್ರತಿ ಸಲ ಬರಹಗಳೆಲ್ಲ ಕೂತಿರುವ ಡೇಟಾಬೇಸ್ ಬಾಗಿಲು ತಟ್ಟಲೇಬೇಕು. ಅದಕ್ಕೇ ಡಿಸ್ಕ್ ಬದಲಾದದ್ದು ಅಲ್ಲಿ ಎದ್ದು ಕಾಣುತ್ತದೆ.

ಓದುಗರ ಕಷ್ಟ ನೀಗಿಸಿದ್ದು ಕ್ಯಾಶ್. ಒಮ್ಮೆ ತಯಾರಾದ ಪುಟವನ್ನು ಎತ್ತಿಟ್ಟುಕೊಂಡು ಮುಂದೆ ಬಂದವರಿಗೆಲ್ಲ ಅದನ್ನೇ ಕೊಡುತ್ತದೆ. ಪುಟ ಕಟ್ಟುವ ಪಿಎಚ್‌ಪಿಗೂ ಡೇಟಾಬೇಸ್‌ಗೂ ಕೆಲಸವೇ ಇಲ್ಲ. ಯುಗಾದಿಯ ಹಿಂದಿನ ರಾತ್ರಿ ಹೋಳಿಗೆ ಪುಟಕ್ಕೆ ಜನ ಮುಗಿಬೀಳುತ್ತಾರೆ. ಹಳೆಯ ಹೋಸ್ಟಿಂಗ್‌ನಲ್ಲಿ ಆ ರಾತ್ರಿ 503 ಎರರ್ (ಸದ್ಯ ಪುಟ ಕೊಡಲಾಗದು ಅನ್ನುವ ಸರ್ವರ್ ಸಂದೇಶ) ಖಾಯಂ. ಇಲ್ಲಿ ಎರಡು ಯುಗಾದಿ ಕಳೆದವು, ಒಮ್ಮೆಯೂ ಬಿದ್ದಿಲ್ಲ.

ಆದರೆ ಕಳೆದ ಮಾರ್ಚ್‌ನಲ್ಲಿ ಆದದ್ದನ್ನು ಮರೆಯಲಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಬರೆಯುವಾಗ ಕಿಲೋ ಮಿಡಿಗೆ 250 ಗ್ರಾಂ ಉಪ್ಪು ಅನ್ನುವ ಕಡೆ 25 ಅಂತ ಬಿದ್ದಿತ್ತು. ಗಂಟೆಯೊಳಗೆ ತಿದ್ದಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 250 ಅಂತಲೇ ಕಾಣುತ್ತಿತ್ತು. ಮೂರು ದಿನದ ಮೇಲೆ ಓದುಗರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು: ‘ಅಕ್ಕಾ, 25 ಗ್ರಾಂ ಸಾಕಾ? ಮಿಡಿ ಕೊಳೆಯಲ್ವಾ?’

ಎದೆ ಧಸಕ್ಕೆಂದಿತು. ಲಾಗಿನ್ ಆದವರಿಗೆ ಕ್ಯಾಶ್ ಪುಟ ಬರುವುದಿಲ್ಲ, ಹಾಗಾಗಿ ನನಗೆ ಹೊಸದು ಕಂಡಿತ್ತು. ಉಳಿದವರಿಗೆಲ್ಲ ಹಳೆಯದೇ. ವರ್ಡ್‌ಪ್ರೆಸ್‌ಗೆ ನಾನು ಸೇರಿಸಿಕೊಂಡ ಕ್ಯಾಶ್ ಪ್ಲಗಿನ್ ತನ್ನ ಪಾಲಿನ ಹಳೆಯ ಪ್ರತಿಯನ್ನು ಅಳಿಸಿತ್ತು. ಹೋಸ್ಟಿಂಗ್‌ನವರು ಅದರ ಮುಂದೆ ಇನ್ನೊಂದು ಕ್ಯಾಶ್ ಕೂರಿಸಿದ್ದರು, ಅದರ ಅವಧಿ ಏಳು ದಿನ. ಒಂದು ಮಾತೂ ಹೇಳಿರಲಿಲ್ಲ. ಸಪೋರ್ಟ್‌ನವರು ‘ಬ್ರೌಸರ್ ಕ್ಲಿಯರ್ ಮಾಡಿ’ ಅಂತಲೇ ಮತ್ತೆರಡು ದಿನ ಕಳೆದರು. ಮಿಡಿ ಸಿಗುವುದು ವರ್ಷಕ್ಕೊಮ್ಮೆ. ಯಾರ ಮನೆಯ ಭರಣಿ ಹಾಳಾಯಿತೋ ಅಂತ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಆ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿಕೊಟ್ಟರು. ನನ್ನ ಪ್ಯಾನೆಲ್‌ಗೂ ಒಂದು ಪರ್ಜ್ (ಕ್ಯಾಶ್ ಅಳಿಸುವ) ಬಟನ್ ಬಂತು. ವೇಗವೇನೂ ಕಡಿಮೆಯಾಗಲಿಲ್ಲ, ಅದರ ಹಿಂದೆ ಪ್ಲಗಿನ್‌ನ ಕ್ಯಾಶ್ ಇದ್ದೇ ಇದೆಯಲ್ಲ. ಮೂರನೇ ವರ್ಷಕ್ಕೂ ಇಲ್ಲೇ ರಿನ್ಯೂ ಮಾಡಿದ್ದೇನೆ. ನಾಲ್ಕು ಸ್ಟಾರ್ ಕೊಡುತ್ತೇನೆ. ನೀವು ಕೊಳ್ಳುವುದಾದರೆ ಎಸ್‌ಎಸ್‌ಡಿ ಇದೆಯಾ ಅಂತ ಕೇಳಿದರೆ ಸಾಲದು. ಸರ್ವರ್ ಕಡೆ ಎಷ್ಟು ಕ್ಯಾಶ್ ಇದೆ, ಅಳಿಸುವ ಬಟನ್ ಯಾರ ಕೈಯಲ್ಲಿ ಅಂತಲೂ ಕೇಳಿ.

ಈಗ ಏನೇ ತಿದ್ದಿದರೂ ಎರಡೂ ಕಡೆ ಪರ್ಜ್ ಒತ್ತುತ್ತೇನೆ. ಆಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಇನ್‌ಕಾಗ್ನಿಟೊ (ಲಾಗಿನ್ ಇಲ್ಲದ ಖಾಸಗಿ ಕಿಟಕಿ) ತೆರೆದು ಅಳತೆಗಳನ್ನು ಗಟ್ಟಿಯಾಗಿ ಓದುತ್ತೇನೆ. ಅಷ್ಟು ಹೊತ್ತಿಗೆ ಅಮ್ಮ ಎದ್ದಿರುತ್ತಾರೆ. ಒಳಗಿನಿಂದಲೇ ಒಂದೊಂದಕ್ಕೂ ‘ಹೂಂ’ ಅನ್ನುತ್ತಾರೆ.